ಹದಡಿ ರಸ್ತೆ ಹದಡಿಗೇ ಹೋಗುತ್ತದೆ

ದಾವಣಗೆರೆಯಲ್ಲಿ ಹದಡಿ ರಸ್ತೆ ಹಿಡಿದು ಮುಂದೆ ಸಾಗಿದರೆ ಹದಡಿ ಬರುತ್ತದೆ. ಶಾಮನೂರು ರಸ್ತೆ ಶಾಮನೂರಿಗೆ ಹೋಗುತ್ತದೆ. ಪಿ.ಬಿ. ರಸ್ತೆಯ ಎರಡು ಅಕ್ಷರಗಳಲ್ಲಿ ಅದರ ಎರಡು ತುದಿಗಳಿವೆ: ಪುಣೆ ಮತ್ತು ಬೆಂಗಳೂರು. ಮಂಡಿಪೇಟೆ ಎಂದರೆ ಅಲ್ಲಿ ಮಂಡಿ ವ್ಯಾಪಾರ ಎಂಬುದು ಮೊದಲ ಸಲ ಬಂದವರಿಗೂ ಹೊಳೆಯುತ್ತದೆ. ಇದೇ ಊರಿನ ಎಂಸಿಸಿ ‘ಎ’ ಬ್ಲಾಕ್, ಪಿ.ಜೆ. ಬಡಾವಣೆ ಎಂಬ ಹೆಸರುಗಳಿಗೆ ಆ ಗುಣವಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಅವು ಅಂಗೈಯಷ್ಟು ಪರಿಚಿತ; ಬೇರೆ ಊರಿನಿಂದ ಮದುವೆಗೆಂದು ಬಂದವರು ಮಾತ್ರ ಆಟೋ ನಿಲ್ದಾಣದಲ್ಲಿ ವಿಚಾರಿಸಿಕೊಂಡೇ ಹೊರಡಬೇಕು.

ಜಾಲತಾಣದ ಮೆನು ಇಂಥ ರಸ್ತೆ ಹೆಸರುಗಳದೇ ಒಂದು ಪಟ್ಟಿ. ಪುಟದ ನೆತ್ತಿಯ ಮೇಲೋ ಎಡಬದಿಯಲ್ಲೋ ಸಾಲಾಗಿ ನಿಂತ ಏಳೆಂಟು ಪದಗಳು, ಯಾವುದನ್ನು ಒತ್ತಿದರೆ ಎಲ್ಲಿಗೆ ತಲುಪುತ್ತೇವೆ ಎಂಬುದನ್ನು ಒತ್ತುವ ಮೊದಲೇ ಹೇಳಬೇಕು. ಹೇಳದಿದ್ದರೆ ಒಳಗಿನ ಎಷ್ಟೇ ಒಳ್ಳೆಯ ಸೌಲಭ್ಯವೂ ಬಳಸುವವರ ಪಾಲಿಗೆ ಇದ್ದೂ ಇಲ್ಲದಂತೆ. ಮೆನುವಿನ ಚರ್ಚೆ ಬಂದಾಗ ಬಣ್ಣ, ಅಕ್ಷರದ ಗಾತ್ರ, ಜಾರುವ ಚಿತ್ರಗಳ ಮಾತೇ ಮುಂದೆ ಬರುತ್ತದೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಆ ಪದಗಳು ಯಾರವು? ಕಚೇರಿಯವೋ, ಕಚೇರಿಗೆ ಬರುವವರವೋ? ಅವು ನಿಂತ ಕ್ರಮ ಯಾರ ಮನಸ್ಸಿನದು? ಕರ್ನಾಟಕದ ಮಟ್ಟಿಗೆ ಮೆನು ರೂಪಿಸುವುದು ಮೊದಲು ಭಾಷೆಯ ಕೆಲಸ, ಆಮೇಲೆ ತಂತ್ರಜ್ಞಾನದ್ದು. ಇದನ್ನು ಪರೀಕ್ಷಿಸಿ ನೋಡಲು ಪಹಣಿಗಿಂತ ಒಳ್ಳೆಯ ಜಾಗವಿಲ್ಲ.

ಈ ಶತಮಾನದ ಆರಂಭದಲ್ಲಿ ಕರ್ನಾಟಕವು ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಮೊದಮೊದಲು ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ ಸಿಗುತ್ತಿದ್ದ ಪಹಣಿಯನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಕಂದಾಯ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಕ್ರಮದಲ್ಲಿ ಒಂದಾದ ಮೇಲೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಹದಡಿಯ ರೈತ ತನ್ನ ಹೊಲದ ಗುರುತು ಹೇಳುವುದೂ ಹೀಗೆಯೇ. ಸೊಸೈಟಿಯ ಸಾಲಕ್ಕೆ, ಬೆಳೆ ವಿಮೆಗೆ ಅರ್ಜಿ ಬರೆದು ಬರೆದು ಕೈಗೆ ರೂಢಿಯಾದ ಕ್ರಮವಿದು. ಇಡೀ ರಾಜ್ಯದ 31 ಜಿಲ್ಲೆಗಳ ಅಸಂಖ್ಯ ಹೊಲಗಳ ನಡುವಿನಿಂದ ಐದೇ ಆಯ್ಕೆಗಳಲ್ಲಿ ಒಂದು ಹೊಲದ ಬದುವಿಗೆ ಬಂದು ನಿಲ್ಲಬಹುದು. ದಾರಿ ಉದ್ದವಾದರೂ ಅಲ್ಲಿಯವರೆಗಿನ ಪ್ರತಿ ತಿರುವಿನಲ್ಲೂ ಮುಂದಿನ ಹೆಜ್ಜೆ ಯಾವುದೆಂಬ ಅನುಮಾನವಿಲ್ಲ.

ವಿನ್ಯಾಸಕಾರರ ನಡುವೆ ಎರಡು ನಂಬಿಕೆಗಳು ಬಹಳ ಕಾಲದಿಂದ ಓಡಾಡುತ್ತಿವೆ. ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಆಯ್ಕೆ ಇರಬಾರದು ಎಂಬುದು ಒಂದು. ಮೂರು ಕ್ಲಿಕ್ಕಿನೊಳಗೆ ಎಲ್ಲವೂ ಸಿಗಬೇಕು ಎಂಬುದು ಇನ್ನೊಂದು. ಮೊದಲನೆಯದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ತಪ್ಪಾಗಿ ಅನ್ವಯಿಸಿದ್ದರ ಫಲ. ಅವರು ಬರೆದದ್ದು ಮನಸ್ಸು ಒಮ್ಮೆಗೆ ನೆನಪಿನಲ್ಲಿ ಹಿಡಿದಿಡಬಲ್ಲ ಸಂಗತಿಗಳ ಮಿತಿಯ ಬಗ್ಗೆ. ಕಣ್ಣೆದುರಿಗಿರುವ ಪಟ್ಟಿಯನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ, ತಮ್ಮದನ್ನು ಗುರುತಿಸಿದರೆ ಸಾಕು. ಎರಡನೆಯ ನಂಬಿಕೆಯನ್ನು ಪಹಣಿಯ ಮೆನುವೇ ಸುಳ್ಳಾಗಿಸುತ್ತದೆ. ಗೊತ್ತಿರುವ ದಾರಿಯಲ್ಲಿ ಐದು ಹೆಜ್ಜೆ ನಡೆಯುವುದು ಸುಲಭ, ಗೊತ್ತಿಲ್ಲದ ದಾರಿಯಲ್ಲಿ ಎರಡೇ ಹೆಜ್ಜೆಯಾದರೂ ಕಷ್ಟ.

ಆ ಕಷ್ಟ ಎಂಥದ್ದೆಂಬುದೂ ಇದೇ ಪುಟದಲ್ಲಿ ಕಾಣುತ್ತದೆ. ಸರ್ವೆ ನಂಬರ್ ಹಾಕಿದ ಮೇಲೆ ‘ಸರ್‌ನಾಕ್’ ಎಂಬ ಪೆಟ್ಟಿಗೆ ಎದುರಾಗುತ್ತದೆ. ತೆರೆದರೆ ಎಷ್ಟೋ ಸಲ ಅದರಲ್ಲಿರುವುದು ಒಂದೇ ಒಂದು ನಕ್ಷತ್ರ ಚಿಹ್ನೆ. ಅದರ ಮುಂದಿನ ಹಿಸ್ಸಾ ನಂಬರ್ ಹೊಲ ಪಾಲಾದ ಪ್ರತಿ ಮನೆಗೂ ಗೊತ್ತಿರುವ ಮಾತು. ಸರ್‌ನಾಕ್ ಹಾಗಲ್ಲ, ಅದು ದತ್ತಾಂಶ ಜೋಡಿಸಿದವರ ಅಗತ್ಯ. ಹೊಲದ ಬದುವಿನ ಮೇಲಾಗಲಿ ಪಂಚಾಯಿತಿ ಕಟ್ಟೆಯ ಮೇಲಾಗಲಿ ಆ ಪದ ಕಿವಿಗೆ ಬೀಳುವುದಿಲ್ಲ. ಇರುವುದು ಒಂದೇ ಆಯ್ಕೆಯಾದರೆ ಅದನ್ನು ಯಂತ್ರವೇ ಆರಿಸಿಕೊಂಡು ಮುಂದೆ ಹೋಗಬಹುದು. ಮನುಷ್ಯನನ್ನು ನಿಲ್ಲಿಸಿ ಕೇಳಿದಾಗ, ಉತ್ತರ ಗೊತ್ತಿಲ್ಲದವನು ತಾನೇ ಏನೋ ತಪ್ಪು ಮಾಡಿದೆನೆಂದು ಹಿಂಜರಿಯುತ್ತಾನೆ. ಪರಿಚಿತ ಪದಗಳ ಸಾಲಿನಲ್ಲಿ ಒಂದೇ ಒಂದು ಅಪರಿಚಿತ ಪದವಿದ್ದರೂ ಅಲ್ಲಿಯವರೆಗಿನ ಧೈರ್ಯ ಕುಸಿಯುತ್ತದೆ.

ಇವೆಲ್ಲ ಒಂದು ತಾಣದ ಒಳಗಿನ ಮಾತು. ಅದಕ್ಕಿಂತ ದೊಡ್ಡ ತೊಡಕು ತಾಣಗಳ ನಡುವೆ ಇದೆ. ಹದಡಿಯ ಒಂದು ಮನೆಯಲ್ಲಿ ತಂದೆ ತೀರಿಕೊಂಡರು ಎಂದು ಭಾವಿಸೋಣ. ಜಮೀನು ಮಕ್ಕಳ ಹೆಸರಿಗೆ ಆಗಬೇಕು. ಊರಿನವರ ಬಾಯಲ್ಲಿ ಇದಕ್ಕೆ ಒಂದೇ ಹೆಸರು: ಪೌತಿ ಖಾತೆ. ಆಡಳಿತದ ನಕ್ಷೆಯಲ್ಲಿ ಅದು ಹಲವು ಹೋಳಾಗುತ್ತದೆ. ಮರಣ ಪ್ರಮಾಣಪತ್ರ ‘ಇ-ಜನ್ಮ’ ವ್ಯವಸ್ಥೆಯಲ್ಲಿದೆ. ವಂಶವೃಕ್ಷ ‘ನಾಡಕಚೇರಿ’ಯಲ್ಲಿ. ಖಾತೆ ಬದಲಾವಣೆ ‘ಭೂಮಿ’ಯಲ್ಲಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದಾದರೆ 11ಇ ನಕ್ಷೆಗೆ ಭೂಮಾಪನ ಇಲಾಖೆಯ ‘ಮೋಜಿಣಿ’, ವಿಭಾಗ ಪತ್ರದ ನೋಂದಣಿಗೆ ‘ಕಾವೇರಿ’. ಹಳ್ಳಿಯೊಳಗಿನ ಮನೆಗೆ ಪಂಚಾಯಿತಿಯ ‘ಇ-ಸ್ವತ್ತು’. ಒಂದು ಸಾವಿನ ಬೆನ್ನಿಗೆ ಆರು ಬಾಗಿಲುಗಳು. ಈ ಆರೂ ತಾಣಗಳ ಮೆನುಗಳನ್ನು ಅಚ್ಚುಕಟ್ಟಾಗಿ ಕಟ್ಟಿದರೂ, ಇವುಗಳಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂದು ಹೇಳುವ ಮೆನು ಇಲ್ಲದಿದ್ದರೆ ಆ ಮನೆಯವರು ಬಾಗಿಲಿಂದ ಬಾಗಿಲಿಗೆ ಅಲೆಯುವುದು ತಪ್ಪುವುದಿಲ್ಲ.

ಇಲಾಖೆಗಳು ಬೇರೆ ಬೇರೆ ಇರುವಾಗ ಮೆನು ಒಂದೇ ಇರಲು ಹೇಗೆ ಸಾಧ್ಯ ಎಂಬ ಆಕ್ಷೇಪ ಸಹಜ. ಬ್ರಿಟನ್ ಅದಕ್ಕೊಂದು ಉತ್ತರ ಕೊಟ್ಟಿದೆ. 2012ರ ಅಕ್ಟೋಬರ್ 17ರಂದು ಅಲ್ಲಿನ ಸರ್ಕಾರ ತನ್ನ ಎರಡು ದೊಡ್ಡ ಜಾಲತಾಣಗಳನ್ನು ಮುಚ್ಚಿ ‘ಗವ್.ಯುಕೆ’ ಎಂಬ ಒಂದೇ ತಾಣ ತೆರೆಯಿತು. ಇಲಾಖೆಗಳ ತಾಣಗಳೂ ಕ್ರಮೇಣ ಅದರೊಳಗೆ ಸೇರಿದವು. ಇಲಾಖೆಗಳು ಇದ್ದಂತೆಯೇ ಉಳಿದವು, ಬಾಗಿಲು ಮಾತ್ರ ಒಂದಾಯಿತು. ಮೆನುವಿನಲ್ಲಿ ಇಲಾಖೆಗಳ ಹೆಸರಿನ ಬದಲು ಹೆರಿಗೆ, ವಾಹನ, ತೆರಿಗೆ, ಮನೆ, ಸಾವು ಎಂಬಂಥ ಬದುಕಿನ ವಿಷಯಗಳು ಮುಂದೆ ಬಂದವು. ಕುಟುಂಬದಲ್ಲಿ ಯಾರಾದರೂ ತೀರಿಕೊಂಡಾಗ ಏನು ಮಾಡಬೇಕು ಎಂಬುದನ್ನು ಮೊದಲ ಹೆಜ್ಜೆ, ಎರಡನೆಯ ಹೆಜ್ಜೆ ಎಂದು ಕ್ರಮವಾಗಿ ತೋರಿಸುವ ಪುಟವೇ ಅಲ್ಲಿದೆ. ಮಿನುಗುವ ಅಲಂಕಾರವೇನೂ ಇಲ್ಲದ ಈ ತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಶ್ರೇಷ್ಠ ವಿನ್ಯಾಸದ ಪ್ರಶಸ್ತಿ ಕೊಟ್ಟಿತು.

ಕರ್ನಾಟಕಕ್ಕೂ ಇದರ ರುಚಿ ಗೊತ್ತಿಲ್ಲದಿಲ್ಲ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ರಾಜ್ಯದ ಸೇವಾಸಿಂಧು ತಾಣದಲ್ಲಿ ಗ್ಯಾರಂಟಿ ಯೋಜನೆಗಳಿಗೇ ಪ್ರತ್ಯೇಕ ಪುಟ ತೆರೆಯಲಾಯಿತು. ಜನ ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ, ಬಸ್ಸಿನಲ್ಲಿ ಕೇಳಿದ ಹೆಸರೇ ಪರದೆಯ ಮೇಲೂ ಇತ್ತು. ಈ ಯೋಜನೆ ಇಂಧನ ಇಲಾಖೆಯದೋ ಬೆಸ್ಕಾಂನದೋ ಎಂದು ಯಾರೂ ತಲೆಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ಸರ್ವರ್ ಮೇಲಿನ ಒತ್ತಡ ಬೇರೆ ಮಾತು. ಬಾಗಿಲಿನ ಮೇಲಿನ ಹೆಸರು ಸರಿಯಾಗಿತ್ತು. ಅದೇ ಗೌರವ ಪೌತಿ ಖಾತೆಗೂ ಸಿಗಬೇಕು.

ಹೆಸರಿನ ಪ್ರಶ್ನೆ ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮ. ಕಂದಾಯದ ಮಾತು ಈ ನೆಲದಲ್ಲಿ ನೂರಾರು ವರ್ಷ ಬೆಳೆದದ್ದು. ಪಹಣಿ, ಖಾತೆ, ಹಿಸ್ಸಾ, ಪೋಡಿ, ಹದ್ದುಬಸ್ತು, ಪೌತಿ. ಇವುಗಳಲ್ಲಿ ಹಲವು ಪಾರ್ಸಿ, ಅರಬ್ಬಿ, ಮರಾಠಿ ಮೂಲದವು. ಆದರೆ ಶಾಲೆಯ ಮೆಟ್ಟಿಲು ಹತ್ತದವರೂ ಅವನ್ನು ಹಿಡಿತದಿಂದ ಬಳಸುತ್ತಾರೆ. ಮೆನು ಬರೆಯಲು ಕುಳಿತಾಗ ಈ ಪದಗಳನ್ನು ಬಿಟ್ಟು ಒಂದೋ ಇಂಗ್ಲಿಷಿನ ಮೊದಲಕ್ಷರಗಳನ್ನು ಇಡಲಾಗುತ್ತದೆ, ಇಲ್ಲವೇ ನಿಘಂಟಿನಿಂದ ಹೊಸ ಪದ ತರಲಾಗುತ್ತದೆ. ಪಹಣಿ ಹುಡುಕಿ ಬಂದವರಿಗೆ ‘ಆರ್‌ಟಿಸಿ’ ಕಾಣುತ್ತದೆ. ಎಲ್ಲರೂ ‘ಇಸಿ’ ಎನ್ನುವುದನ್ನು ‘ಋಣಭಾರ ಪ್ರಮಾಣಪತ್ರ’ ಎಂದು ಬರೆಯಲಾಗುತ್ತದೆ. ‘ನಾಗರಿಕ ಸನ್ನದು’ ಎಂಬ ಶೀರ್ಷಿಕೆಯ ಕೆಳಗೆ ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ, ಶುಲ್ಕ ಎಷ್ಟು ಎಂಬ ಅತ್ಯಂತ ಉಪಯುಕ್ತ ಮಾಹಿತಿ ಇರುತ್ತದೆ. ‘ಎಷ್ಟು ದಿನ, ಎಷ್ಟು ಶುಲ್ಕ’ ಎಂದೇ ಬರೆದಿದ್ದರೆ ಅದನ್ನು ತೆರೆಯುವವರು ಎಷ್ಟೋ ಪಾಲು ಹೆಚ್ಚುತ್ತಿದ್ದರು. ಹೊಸ ಪದಗಳೆಲ್ಲ ಸೋಲುತ್ತವೆ ಎಂದೇನೂ ಅಲ್ಲ. ‘ಮುಖಪುಟ’ ಪತ್ರಿಕೆಯಿಂದ ಪರದೆಗೆ ಬಂದು ಚೆನ್ನಾಗಿ ಬೇರುಬಿಟ್ಟಿದೆ, ಏಕೆಂದರೆ ಓದುಗರಿಗೆ ಆ ಪದ ಮೊದಲೇ ಗೊತ್ತಿತ್ತು. ಪದ ಸಂಸ್ಕೃತದ್ದೋ ಇಂಗ್ಲಿಷಿನದ್ದೋ ಎಂಬುದಕ್ಕಿಂತ ಅದು ಬಳಸುವವರ ಬಾಯಲ್ಲಿ ಇದೆಯೋ ಇಲ್ಲವೋ ಎಂಬುದೇ ಇಲ್ಲಿ ಅಳತೆಗೋಲು.

ಲಿಪಿಯ ಮಾತೂ ಇದೆ. ಇಂಗ್ಲಿಷಿಗೆಂದು ಅಳೆದು ಮಾಡಿದ ಮೆನುಪಟ್ಟಿಗೆ ಕನ್ನಡವನ್ನು ತುಂಬಿದರೆ ಒತ್ತಕ್ಷರಗಳು ಕೆಳಗಿನ ಅಂಚಿಗೆ ತಾಗಿ ಕತ್ತರಿಸಿಹೋಗುತ್ತವೆ. ಪದಗಳು ಉದ್ದವಾಗಿ ಪಟ್ಟಿ ಎರಡು ಸಾಲಿಗೆ ಮುರಿಯುತ್ತದೆ. ಕನ್ನಡ ಪುಟದಲ್ಲಿ ಊರುಗಳ ಪಟ್ಟಿ ಇಂಗ್ಲಿಷ್ ಅಕ್ಷರಕ್ರಮದಲ್ಲೇ ಉಳಿದರೆ, ಅ ಆ ಇ ಈ ಎಂದು ಕಲಿತ ಕಣ್ಣು ಹದಡಿಯನ್ನು ‘ಹ’ ಇರಬೇಕಾದ ಕೊನೆಯಲ್ಲಿ ಹುಡುಕುತ್ತದೆ. ಅದು ಇಂಗ್ಲಿಷಿನ ‘ಎಚ್’ ಎಂದು ಎಲ್ಲೋ ನಡುವೆ ಅಡಗಿರುತ್ತದೆ. ಇವು ಸಣ್ಣ ದೋಷಗಳಂತೆ ಕಾಣುತ್ತವೆ. ಆದರೆ ಕನ್ನಡದ ಪುಟ ಇಂಗ್ಲಿಷ್ ಪುಟದ ನೆರಳು ಎಂಬ ಸಂದೇಶವನ್ನು ಪ್ರತಿ ಸಾಲಿನಲ್ಲೂ ಕೊಡುತ್ತಿರುತ್ತವೆ, ಓದುಗರು ಬೇಸತ್ತು ಇಂಗ್ಲಿಷ್ ಪುಟಕ್ಕೇ ಮರಳುತ್ತಾರೆ.

ದಾರಿ ಒಂದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹರಪನಹಳ್ಳಿಯನ್ನು ನೋಡಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಇತ್ತ ಬಂತು. 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಕಾಲು ಶತಮಾನದಲ್ಲಿ ನೆಲ ಅಲ್ಲೇ ಇತ್ತು, ಅದರ ಮೇಲಿನ ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯದೂ ಇಂಥದೇ ಕಥೆ. ಬೆಂಗಳೂರಿನಲ್ಲಿ ಕುಳಿತು ಅಜ್ಜನ ಊರಿನ ದಾಖಲೆ ಹುಡುಕುವ ಮೊಮ್ಮಗಳಿಗೆ ಹಳೆಯ ಕಾಗದದಲ್ಲಿ ದಾವಣಗೆರೆ ಎಂದಿದ್ದರೆ ಅವಳು ದಾವಣಗೆರೆಯನ್ನೇ ಆರಿಸುತ್ತಾಳೆ, ಅಲ್ಲಿ ಹರಪನಹಳ್ಳಿ ಇರುವುದಿಲ್ಲ. ಹಳೆಯ ಹೆಸರಿನ ಕೆಳಗೊಂದು ಸಾಲು, ‘ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ, ಇಲ್ಲಿ ಒತ್ತಿ’ ಎಂದಿದ್ದರೆ ಅವಳ ಅರ್ಧ ದಿನ ಉಳಿಯುತ್ತದೆ. ಜಾಲತಾಣಗಳ ಸುಗಮ ಬಳಕೆಗಾಗಿ ಜಗತ್ತೆಲ್ಲ ಒಪ್ಪಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಒಂದು ಪುಟವನ್ನು ತಲುಪಲು ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕು ಎಂಬುದು ಪ್ರತ್ಯೇಕ ನಿಯಮವೇ ಆಗಿದೆ.

ಇರುವ ದಾರಿಯನ್ನೇ ಮುಚ್ಚಿಡುವ ಅಭ್ಯಾಸ ಮೊಬೈಲಿನೊಂದಿಗೆ ಹಬ್ಬಿತು. ಮೂಲೆಯಲ್ಲಿ ಒಂದರ ಕೆಳಗೊಂದು ಎಳೆದ ಮೂರು ಗೆರೆಗಳು. ಒತ್ತಿದರೆ ಮಾತ್ರ ಮೆನು ತೆರೆಯುತ್ತದೆ. 1981ರಲ್ಲಿ ಜೆರಾಕ್ಸ್ ಕಂಪನಿಯ ‘ಸ್ಟಾರ್’ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದ ಈ ಚಿಹ್ನೆ ಚಿಕ್ಕ ಪರದೆಗೆ ಅನುಕೂಲವೆಂದು ಮರುಜೀವ ಪಡೆಯಿತು. ಅನುಕೂಲ ಯಾರಿಗೆ ಎಂಬುದನ್ನು ಅಮೆರಿಕದ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಅಳೆದು ನೋಡಿತು. ಆರು ತಾಣಗಳನ್ನು 179 ಮಂದಿಯ ಕೈಗೆ ಕೊಟ್ಟಾಗ, ಮೊಬೈಲಿನಲ್ಲಿ ಮೆನು ಪೂರ್ತಿ ಅಡಗಿದ್ದರೆ ಅದನ್ನು ಬಳಸಿದ ಪ್ರಮಾಣ ಶೇ 57. ಮುಖ್ಯ ಪದಗಳು ಕಣ್ಣಿಗೆ ಬೀಳುವಂತಿದ್ದು ಉಳಿದವು ಮಾತ್ರ ಅಡಗಿದ್ದರೆ ಶೇ 86. ದೊಡ್ಡ ಪರದೆಯಲ್ಲಂತೂ ಅಡಗಿದ ಮೆನುವನ್ನು ಬಳಸಿದ್ದು ಶೇ 27ರಷ್ಟು ಸಂದರ್ಭಗಳಲ್ಲಿ ಮಾತ್ರ. ಪರಿಹಾರ ದುಬಾರಿಯದಲ್ಲ. ಅತಿ ಹೆಚ್ಚು ಬೇಡಿಕೆಯ ನಾಲ್ಕೈದು ಸೇವೆಗಳನ್ನು ಹೊರಗೇ ಇಟ್ಟು, ಮೂರು ಗೆರೆಗಳ ಪಕ್ಕ ‘ಮೆನು’ ಎಂಬ ಎರಡಕ್ಷರ ಬರೆದರೆ ಅರ್ಧ ಕೆಲಸ ಮುಗಿಯುತ್ತದೆ.

ಬಾಣದ ಗುರುತು ಮೇಲೆ ಬಂದೊಡನೆ ತೆರೆದು, ತುಸು ಸರಿದರೆ ಮುಚ್ಚಿಕೊಳ್ಳುವ ಮೆನುಗಳದು ಬೇರೆ ಕಾಟ. ಒಳಪಟ್ಟಿಯತ್ತ ಬಾಣವನ್ನು ಓರೆಯಾಗಿ ಒಯ್ಯುವಾಗ ಅದು ನಡುವೆ ಇನ್ನೊಂದು ಪದವನ್ನು ತಾಗಿ ಬೇರೆ ಪಟ್ಟಿ ತೆರೆದುಕೊಳ್ಳುತ್ತದೆ. ಆಪಲ್ ಕಂಪನಿಯ ಬ್ರೂಸ್ ಟೊಗ್ನಾಝಿನಿ ಇದಕ್ಕೆ ದಶಕಗಳ ಹಿಂದೆಯೇ ಪರಿಹಾರ ಕಂಡಿದ್ದರು: ಬಾಣದಿಂದ ಒಳಪಟ್ಟಿಯವರೆಗೆ ಕಣ್ಣಿಗೆ ಕಾಣದ ತ್ರಿಕೋನವೊಂದನ್ನು ಕಲ್ಪಿಸಿ, ಅದರೊಳಗೆ ಸರಿದಾಡುವಷ್ಟು ಹೊತ್ತು ಪಟ್ಟಿ ಮುಚ್ಚದಂತೆ ನೋಡಿಕೊಳ್ಳುವುದು. ಬೆರಳಿನಿಂದ ಒತ್ತುವ ಮೊಬೈಲಿನಲ್ಲಿ ಇಂಥ ಮೆನು ತೆರೆಯುವುದೇ ಅನುಮಾನ. ಕಳೆ ಕಿತ್ತು ಬಂದ ಹೆಬ್ಬೆರಳಿಗೂ ಸಿಗುವಷ್ಟು ಜಾಗ ಪ್ರತಿ ಪದಕ್ಕೆ ಬೇಕು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರವನ್ನು ಗೊತ್ತುಮಾಡಿದೆ. ಆಂಡ್ರಾಯ್ಡ್ ತನ್ನ ಆ್ಯಪ್‌ಗಳಿಗೆ ಸೂಚಿಸುವ ಅಳತೆ ಇದರ ಇಮ್ಮಡಿ.

ಕಣ್ಣು ಕಾಣದವರು ಮೆನುವನ್ನು ಕಿವಿಯಿಂದ ಓದುತ್ತಾರೆ. ಎನ್‌ವಿಡಿಎಯಂಥ ಉಚಿತ ತಂತ್ರಾಂಶಗಳು ಕನ್ನಡವನ್ನೂ ಗಟ್ಟಿಯಾಗಿ ಓದಬಲ್ಲವು. ಆದರೆ ಅಕ್ಷರ ಯೂನಿಕೋಡಿನಲ್ಲಿ ಇರಬೇಕು, ಚಿತ್ರವಾಗಿರಬಾರದು. ಹಳೆಯ ಆಸ್ಕಿ ಫಾಂಟುಗಳ ಕಾಲದಲ್ಲಿ ಅಕ್ಷರ ಕೆಡದಿರಲೆಂದು ಕನ್ನಡ ಮೆನುಗಳನ್ನು ಚಿತ್ರ ಮಾಡಿ ಅಂಟಿಸುವ ರೂಢಿಯಿತ್ತು. ಕಣ್ಣಿರುವವರಿಗೆ ಅಲ್ಲಿ ‘ಅರ್ಜಿ ಸ್ಥಿತಿ’ ಎಂಬ ಪದ, ಅಂಧರಿಗೆ ಬರೀ ಮೌನ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಇದು ದಯೆಯ ವಿಷಯವಾಗಿ ಉಳಿದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೆವೈಸಿ ಕುರಿತ ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು.

ಹುಡುಕು ಪೆಟ್ಟಿಗೆ ಇರುವಾಗ ಮೆನು ಯಾಕೆ ಎಂದು ಕೇಳುವವರಿದ್ದಾರೆ. ಹುಡುಕಲು ಹೆಸರು ಗೊತ್ತಿರಬೇಕು, ಅದರ ಕಾಗುಣಿತವೂ ಗೊತ್ತಿರಬೇಕು. ದಾವಣಗೆರೆಯನ್ನೇ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ: ಜಿಲ್ಲಾಡಳಿತದ ತಾಣದ ಹೆಸರಿನಲ್ಲಿರುವ ನಡುವಿನ ‘ಎ’ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಲ್ಲ. ಸಾಲದ್ದಕ್ಕೆ, ಹೊರಗಿನ ಹುಡುಕು ಯಂತ್ರಗಳು ಸರ್ಕಾರಿ ತಾಣದ ಜೊತೆಗೆ ಅದರ ಹೆಸರು ಹೋಲುವ ಖಾಸಗಿ ತಾಣಗಳನ್ನೂ ತಂದು ಮುಂದಿಡುತ್ತವೆ. ಆಧಾರ್ ಸಂಖ್ಯೆ ಯಾರ ಕೈಗೆ ಹೋಯಿತೆಂಬುದು ಆಮೇಲೆ ತಿಳಿಯುತ್ತದೆ. ಯಾವ ಸೇವೆಗಳಿವೆ ಎಂಬುದೇ ಗೊತ್ತಿಲ್ಲದವರಿಗಂತೂ ಹುಡುಕು ಪೆಟ್ಟಿಗೆ ಬರೀ ಖಾಲಿ ಚೌಕ. ಏನೇನು ಸಿಗುತ್ತದೆ ಎಂದು ಅವರಿಗೆ ಮೆನು ಮಾತ್ರ ಹೇಳಬಲ್ಲದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹಳ್ಳಿಯವರು ಹೇಗೂ ಗ್ರಾಮ ಒನ್ ಕೇಂದ್ರಕ್ಕೆ ಹೋಗುತ್ತಾರೆ, ಅಲ್ಲಿನವರಿಗೆ ದಾರಿ ಗೊತ್ತಿರುತ್ತದೆ ಎಂಬುದು ಆ ವಾದ. 2022ರ ಜನವರಿಯಲ್ಲಿ ಮೊದಲ ಹಂತವಾಗಿ 12 ಜಿಲ್ಲೆಗಳಲ್ಲಿ ಜಾರಿಯಾದ ಗ್ರಾಮ ಒನ್‌ನ ಪ್ರಯೋಗ ನಡೆದದ್ದು ದಾವಣಗೆರೆ ಜಿಲ್ಲೆಯಲ್ಲೇ. ಕೇಂದ್ರದಲ್ಲಿ ಕುಳಿತವರು ಒಂದರ್ಥದಲ್ಲಿ ಮಾತಾಡುವ ಮೆನು. ‘ಮಗಳ ಕಾಲೇಜಿಗೆ ಆದಾಯ ಸರ್ಟಿಫಿಕೇಟ್ ಬೇಕು’ ಎಂದರೆ ಸಾಕು, ಅದು ಯಾವ ತಾಣದ ಯಾವ ಮೂಲೆಯಲ್ಲಿದೆ ಎಂದು ಅವರು ಬಲ್ಲರು. ಅವರ ಸೇವೆ ದೊಡ್ಡದು. ಆದರೆ ಆ ತಾಣಗಳನ್ನು ದಿನವಿಡೀ ಬಳಸುವವರೂ ಅವರೇ. ಪ್ರತಿ ಅನಗತ್ಯ ಕ್ಲಿಕ್ಕು ದಿನಕ್ಕೆ ಹತ್ತಾರು ಸಲ ಅವರ ಕೈಯನ್ನೂ, ಸಾಲಿನಲ್ಲಿ ನಿಂತವರ ಹೊತ್ತನ್ನೂ ತಿನ್ನುತ್ತದೆ. ತನ್ನ ಜಮೀನಿನ ಖಾತೆ ಯಾರಾದರೂ ಬದಲಿಸಿದ್ದಾರೆಯೇ ಎಂಬ ಆತಂಕ ರಾತ್ರಿ ಹನ್ನೊಂದಕ್ಕೆ ಕಾಡಿದ ವಿಧವೆಯೊಬ್ಬರಿಗೆ ಆಗ ತೆರೆದಿರುವ ಕೇಂದ್ರವೆಂದರೆ ಅವರ ಕೈಯಲ್ಲಿರುವ ಫೋನು ಮಾತ್ರ.

ಒಮ್ಮೆ ಸರಿಯಾದದ್ದನ್ನು ಮತ್ತೆ ಕೆಡಿಸದಿರುವುದೂ ವಿನ್ಯಾಸದ ಭಾಗ. ದಾವಣಗೆರೆ, ಹರಿಹರಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 4 ಈಗ 48 ಆಗಿದೆ. ಜನರ ಬಾಯಲ್ಲಿ ಪಿ.ಬಿ. ರಸ್ತೆ ಹಾಗೆಯೇ ಉಳಿದಿದೆ. ಜಾಲತಾಣವನ್ನು ಹೊಸದಾಗಿ ಕಟ್ಟಿದಾಗಲೆಲ್ಲ ಮೆನುವಿನ ಹೆಸರು, ಜಾಗ, ಕ್ರಮ ಎಲ್ಲವನ್ನೂ ಬದಲಿಸಿದರೆ ಜನ ಕಷ್ಟಪಟ್ಟು ಕಲಿತ ದಾರಿ ಅಳಿಸಿಹೋಗುತ್ತದೆ. ಈ ವಿಷಯದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಜಿಲ್ಲಾ ತಾಣಗಳಿಗೆ ಒಂದೇ ಅಚ್ಚು ಒದಗಿಸಿರುವುದು ಮೆಚ್ಚಬೇಕಾದ ಕೆಲಸ. ಹರಿಹರದಲ್ಲಿ ಮನೆ, ತುಂಗಭದ್ರೆಯ ಆಚೆ ಕುಮಾರಪಟ್ಟಣದಲ್ಲಿ ಕಾರ್ಖಾನೆ ಕೆಲಸ ಎಂದಿರುವವರು ದಿನವೂ ಜಿಲ್ಲೆಯ ಗಡಿ ದಾಟುತ್ತಾರೆ. ದಾವಣಗೆರೆಯ ತಾಣ ಬಲ್ಲವರಿಗೆ ಹಾವೇರಿಯದು ಹೊಸದೆನಿಸದು. ಆ ಅಚ್ಚಿನಲ್ಲಿ ‘ಜಿಲ್ಲೆಯ ಬಗ್ಗೆ’ ಎಂಬುದರ ಜಾಗಕ್ಕೆ ನಾಗರಿಕ ಸೇವೆಗಳು ಬಂದರೆ ಅದು ಇನ್ನೂ ಹೆಚ್ಚು ಜನರಿಗೆ ನೆರವಾಗುತ್ತದೆ. ಜಿಲ್ಲೆಯ ಬಗ್ಗೆ ಅಲ್ಲಿನ ಜನಕ್ಕೆ ಗೊತ್ತಿದೆ. ಅವರು ಬಂದಿರುವುದು ಕೆಲಸಕ್ಕೆ.

ಇವನ್ನೆಲ್ಲ ತಿದ್ದಲು ದೊಡ್ಡ ಟೆಂಡರ್ ಬೇಕಿಲ್ಲ. ಬಳಕೆಯ ದೋಷಗಳಲ್ಲಿ ಬಹುಪಾಲು ಐದೇ ಮಂದಿಯನ್ನು ಕೂರಿಸಿ ನೋಡಿದರೆ ಹೊರಬೀಳುತ್ತವೆ ಎಂದು ನೀಲ್ಸನ್ ನಾರ್ಮನ್ ಗ್ರೂಪಿನ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದ್ದರು. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿದೆ, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಶನಿವಾರ ಹದಡಿಯ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಕುಳಿತುಕೊಳ್ಳಬಹುದು. ಕಂಪ್ಯೂಟರ್ ಬೇಡ. ಮೆನುವಿನ ಪ್ರತಿ ಪದವನ್ನೂ ಒಂದೊಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ನೆಲದ ಮೇಲೆ ಹರಡಿ, ಬಂದವರನ್ನು ಒಬ್ಬೊಬ್ಬರಾಗಿ ಕೇಳಬೇಕು: ‘ಜಮೀನು ಮಕ್ಕಳ ಹೆಸರಿಗೆ ಆಗಬೇಕು, ಇವುಗಳಲ್ಲಿ ಯಾವುದನ್ನು ಮುಟ್ಟುತ್ತೀರಿ?’ ಓದಲು ಬಾರದವರಿಗೆ ಚೀಟಿಗಳನ್ನು ಓದಿ ಹೇಳಬೇಕು. ಬೆರಳು ಯಾವ ಚೀಟಿಯ ಮೇಲೆ ತಡೆಯದೆ ಇಳಿಯಿತು, ಯಾವ ಎರಡರ ನಡುವೆ ತೂಗಾಡಿತು, ಯಾವುದನ್ನು ಯಾರೂ ಮುಟ್ಟಲೇ ಇಲ್ಲ ಎಂದು ಬರೆದಿಟ್ಟುಕೊಳ್ಳಬೇಕು. ಒಂದೆರಡು ಖಾಲಿ ಚೀಟಿಗಳೂ ಪಕ್ಕದಲ್ಲಿರಲಿ. ‘ಇದಕ್ಕೆ ನಾವು ಬೇರೆ ಏನೋ ಅಂತೀವಿ’ ಎಂದು ಯಾರಾದರೂ ಹೇಳಿದರೆ ಆ ಪದವನ್ನು ಅದರ ಮೇಲೆ ಬರೆದುಕೊಂಡು, ಮುಂದೆ ಬರುವವರಿಗೆ ಅದನ್ನೂ ಉಳಿದ ಚೀಟಿಗಳ ಸಾಲಿನಲ್ಲಿಟ್ಟು ಕೇಳಬೇಕು.